ಗಾಜಿನ ಬಾಗಿಲಾಚೆಯ ತುಟಿಮಾತು

ಮದುವೆಯಾದ ವರ್ಷದಿಂದ ತಲೆ ನರೆಯುವವರೆಗೂ ಆಕೆ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಆ ಗದ್ದಲದಲ್ಲಿ ಕೂಗಿದರೂ ಪಕ್ಕದವಳಿಗೆ ಕೇಳದು. ಹಾಗಾಗಿ ಅಲ್ಲಿನ ಹೆಂಗಸರು ದನಿ ತೆಗೆಯದೆ, ಬರೀ ತುಟಿ ಆಡಿಸಿಯೇ ಮನೆಯ ಕಷ್ಟಸುಖ, ಮೇಸ್ತ್ರಿಯ ಗೇಲಿ ಎಲ್ಲ ಮಾತಾಡಿಕೊಳ್ಳುತ್ತಿದ್ದರು. ಆಚೆ ಸಾಲಿನವಳ ತುಟಿಯನ್ನೂ ಓದುತ್ತಿದ್ದ ಇವಳಿಗೆ ‘ಹದ್ದಿನಕಣ್ಣಿ’ ಅಂತಲೇ ಹೆಸರು. ಗಿರಣಿ ಮುಚ್ಚಿದರೂ ಆ ಚಟ ಬಿಡಲಿಲ್ಲ.

ಒಂದು ಸಂಜೆ ಅಡುಗೆಮನೆಯ ಗಾಜಿನ ಬಾಗಿಲಾಚೆ ಸೊಸೆ ಏನೋ ಹೇಳುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗಳು ಇತ್ತ ಬೆನ್ನು ಹಾಕಿ ನಿಂತಿದ್ದಳು. ಅಜ್ಜಿಗೆ ಕಂಡದ್ದು ಸೊಸೆಯ ತುಟಿ ಮಾತ್ರ.

“ಈಗ್ಲೇ ಅಜ್ಜಿಗೆ ಹೇಳ್ಬೇಡ. ಮೊದ್ಲು ಅವ್ರು ಒಪ್ಲಿ... ಆ ಕೋಣೇನೇ ಸರಿ, ಬೆಳಕು ಚೆನ್ನಾಗಿದೆ... ಅಜ್ಜೀನ ಒಪ್ಪಿಸೋದು ನನಗೆ ಬಿಡು.”

ಅಜ್ಜಿ ಅರ್ಥ ಮಾಡಿಕೊಂಡೇಬಿಟ್ಟಳು. ತನ್ನ ಕೋಣೆಯನ್ನು ಬಾಡಿಗೆಗೆ ಕೊಡುವ ಸಂಚು! ಗಂಡ ತೀರಿಕೊಂಡ ಮೇಲೆ ತನ್ನದು ಅಂತ ಅವಳಿಗೆ ಉಳಿದದ್ದು ಆ ಮಂಚ, ಆ ಕಿಟಕಿ. ಅಂದಿನಿಂದ ಕೋಣೆಗೆ ಬೀಗ ಬಿತ್ತು. ಸ್ನಾನಕ್ಕೆ ಹೋದರೂ ಕೀಲಿ ಜೊತೆಗೇ. ಸೊಸೆ ಬಿಸಿ ಹಾಲು ತಂದರೆ, “ಏನಮ್ಮಾ, ಇದ್ದಕ್ಕಿದ್ದಂಗೆ ಇಷ್ಟು ಉಪಚಾರ?” ಎಂದು ಲೋಟವನ್ನು ಪಕ್ಕಕ್ಕೆ ಸರಿಸುವಳು.

ಒಂದು ದಿನ ಮೊಮ್ಮಗಳು ಕೇಳಿದಳು: “ಅಜ್ಜಿ, ನಿನ್ನ ಕೋಣೇಲಿ ಎರಡು ಕುರ್ಚಿ ಹಿಡಿಯುತ್ತಾ?”

“ಬಾಡಿಗೆಗೆ ಬರೋನಿಗೆ ಕುರ್ಚಿ ಬೇರೆ ಹಾಕಿಕೊಡ್ತೀರಾ? ನಾನೆಲ್ಲಿ ಮಲಗ್ಲಿ, ಅಟ್ಟದ ಮೇಲಾ?”

“ಯಾವ ಬಾಡಿಗೆ?”

“ನಿಮ್ಮಮ್ಮ ಗಾಜಿನ ಹಿಂದೆ ಆಡಿದ್ದೆಲ್ಲ ಕಂಡಿದೀನಿ ಕಣೇ!”

ಅಲ್ಲೇ ಇದ್ದ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು.

“ಕೈ ತೆಗಿ! ಬಾಯಿ ಮುಚ್ಕೊಂಡು ಏನಂದೆ?”

“ನಕ್ಕೆ ಅತ್ತೆ, ಅಷ್ಟೆ. ನನ್ನ ತುಟಿ ಕಂಡ್ರಿ, ಇವಳ ಬೆನ್ನು ತಿರುಗಿತ್ತಲ್ಲ!”

ಮೊಮ್ಮಗಳು ಬಿಡಿಸಿ ಹೇಳಿದಳು. ಇತಿಹಾಸದ ಸಂಶೋಧನೆಗೆ ವಿಷಯ ಆರಿಸಬೇಕಿತ್ತು. ಯುದ್ಧ ಅಂದಳು, ಕೋಟೆ ಅಂದಳು. ಎಲ್ಲರೂ ಅರೆದು ಹಾಕಿದ್ದು ಅಂತ ಮೇಷ್ಟ್ರು ತಳ್ಳಿಹಾಕಿದರು. ಗಿರಣಿ ಹೆಂಗಸರ ತುಟಿಮಾತು ಅಂದಾಗ, ಯೋಚಿಸಿ ಹೇಳ್ತೀನಿ ಅಂದರು. ಅವರು ಒಪ್ಪದಿದ್ದರೆ ಅಜ್ಜಿಗೆ ಆಸೆ ಹುಟ್ಟಿಸಿ ಕೈಕೊಟ್ಟಂತಾಗುತ್ತದೆ ಎಂದು ಮುಚ್ಚಿಟ್ಟದ್ದು. ಈಗ ಒಪ್ಪಿದ್ದಾರೆ. ಬೆಳಕಿರುವ ಕೋಣೆಯಲ್ಲಿ ಅಜ್ಜಿಯನ್ನು ಕೂರಿಸಿ ವಿಡಿಯೋ ತೆಗೆಯಬೇಕು.

“ಮೇಸ್ತ್ರೀನ ಬೈದಿದ್ದೂ ಇತಿಹಾಸವೇನೇ?”

“ಅದನ್ನೇ ಮೊದ್ಲು ಬರೀತೀನಿ.”

ಅಜ್ಜಿ ಪೂರ್ತಿ ನಂಬಲಿಲ್ಲ. ಮೊಮ್ಮಗಳನ್ನು ಗಾಜಿನಾಚೆ ನಿಲ್ಲಿಸಿ, ಬಾಗಿಲು ಹಾಕಿ, ದನಿಯಿಲ್ಲದೆ ತುಟಿ ಆಡಿಸಿದಳು. ಹುಡುಗಿಗೆ ತಿಳಿಯಲಿಲ್ಲ. ಅಜ್ಜಿ ಮತ್ತೊಮ್ಮೆ, ನಿಧಾನವಾಗಿ ಆಡಿಸಿದಳು.

ಹುಡುಗಿ ಬಾಗಿಲು ತೆಗೆದು ನಕ್ಕಳು. “ಕುರ್ಚಿ ಹಾಕ್ಕೋ, ಕೀಲಿ ಮಾತ್ರ ಕೊಡಲ್ಲ ಅಂದ್ಯಲ್ವಾ ಅಜ್ಜಿ?”