ದಾರಿಯೋನ ‘ಹಿತ್ತಿಲು’, ಇರ್ಮಾರ ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೊಸಾರಿಯೋ ನಗರದ ಸಗಟು ಹಣ್ಣಿನ ಮಾರುಕಟ್ಟೆಯಲ್ಲಿ ಪರಾನಾ ನದಿಯ ಕಡೆಯಿಂದ ಬಂದ ಮಂಜು ಕಿತ್ತಳೆ ಪೆಟ್ಟಿಗೆಗಳ ಮೇಲೆ ಕವಿದಿದೆ. ಏಣಿ ಹತ್ತಿ ನಿಂತ ಇರ್ಮಾ ಬೆರ್ತೊಲೊತ್ತಿ ಧ್ವನಿವರ್ಧಕದ ತಂತಿ ಬಿಗಿಯುತ್ತಿದ್ದಾರೆ. ವಯಸ್ಸು ಅರವತ್ತು ದಾಟಿದೆ.

“ಇರ್ಮಾ ಅಮ್ಮಾ, ನಿಮ್ಮ ಮೈಕಿಗೆ ಇವತ್ತೂ ನೆಗಡಿ!” ಪೆಟ್ಟಿಗೆ ಹೊತ್ತ ಹಮಾಲನೊಬ್ಬ ಕೆಳಗಿನಿಂದ ಕೂಗುತ್ತಾನೆ.

“ಮೈಕಿಗಲ್ಲ ಕಣೋ, ಅದರಲ್ಲಿ ಮಾತಾಡೋನಿಗೆ. ಹೋಗಿ ಮೂಗು ಒರೆಸ್ಕೊಳ್ಳೋಕೆ ಹೇಳು.”

ಲಾರಿಗಳು ಯಾವ ಕಟ್ಟೆಗೆ ಬರಬೇಕು, ಯಾರ ಮಾಲು ಇಳಿಯಬೇಕು ಎಂದು ದಿನವಿಡೀ ಕೂಗಿ ಹೇಳುವ ಈ ಧ್ವನಿವರ್ಧಕಗಳನ್ನು ನೋಡಿಕೊಳ್ಳುವುದೇ ಅವರ ಕೆಲಸ. ಇಲ್ಲಿಯವರಿಗೆ ಅವರು ತಂತಿ ಕಟ್ಟುವ ಹೆಂಗಸು. ಇದೇ ಊರಿನ ಹುಡುಗ ಹುಡುಗಿಯರು ಈಗ ಹುಚ್ಚು ಹಿಡಿದವರಂತೆ ಕೇಳುತ್ತಿರುವ ‘ಹಿತ್ತಿಲು’ ಆಲ್ಬಮ್ಮನ್ನು ಧ್ವನಿಮುದ್ರಿಸಿದ್ದು ಈಕೆಯೇ ಎಂಬುದು ಈಚಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ‘ಲೋಸ್ ಗಾಲ್ಪೋನೆಸ್’ ರಾಕ್ ತಂಡದ ಗಾಯಕ ದಾರಿಯೋ ಲೆನ್ಸಿನಾ ಆಗ ಊರಿನ ಕಣ್ಮಣಿ. ಅವನು ಕಿರುಚಿದರೆ ಕ್ರೀಡಾಂಗಣವೇ ಕಿರುಚುತ್ತಿತ್ತು. ತಂಡ ಉತ್ತುಂಗದಲ್ಲಿದ್ದಾಗಲೇ ಅದನ್ನು ಬಿಟ್ಟು ಹೊರಬಂದ. ಅಭಿಮಾನಿಗಳು ದ್ರೋಹಿ ಎಂದರು. ಒಬ್ಬನೇ ಹಾಡಲು ರಾಜಧಾನಿ ಬ್ಯೂನಸ್ ಐರಿಸ್‌ನ ದೊಡ್ಡ ಸ್ಟುಡಿಯೋಗೆ ಹೋದವನು ಅರ್ಧಕ್ಕೇ ಬಿಟ್ಟು ಬಂದು, ಒಂದು ಚಳಿಗಾಲದ ಸಂಜೆ ಇರ್ಮಾರ ಬಾಗಿಲು ತಟ್ಟಿದ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಹಿಂದೆ, ಹಿತ್ತಿಲಿನ ಕೋಣೆಯಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ ಇತ್ತು. ಗೋಡೆಗೆಲ್ಲ ಕಂಬಳಿ ಹೊದಿಸಿದ್ದರು.

“‘ಅಲ್ಲಿ ಎಲ್ಲಾರೂ ನನ್ನ ಕೈಲಿ ಕಿರುಚಿಸ್ತಾರೆ ಕುಳ್ಳಿ, ನಂಗೆ ಹಾಡಬೇಕು’ ಅಂದ. ನನ್ನ ಹೆಸರು ಹಿಡಿದು ಅವನು ಕರೆದದ್ದೇ ಇಲ್ಲ” ಎಂದು ಏಣಿಯಿಂದಿಳಿದು ನನ್ನೊಡನೆ ಮಾತಿಗೆ ಕೂತ ಇರ್ಮಾ ನಗುತ್ತಾರೆ.

ಅವನು ಗಿಟಾರ್ ಶ್ರುತಿ ಮಾಡಿಕೊಳ್ಳುತ್ತ, ಮನೆ ಬಿಟ್ಟು ಹೋದ ತಾಯಿಯ ಮೇಲೆ ಕಟ್ಟಿದ ಹಾಡನ್ನು ತನ್ನಷ್ಟಕ್ಕೆ ಗುನುಗುತ್ತಿದ್ದ. ಇರ್ಮಾ ಹೇಳದೆ ಯಂತ್ರ ಚಾಲು ಮಾಡಿಬಿಟ್ಟರು. ಅದನ್ನು ಮತ್ತೆ ಹಾಕಿ ಕೇಳಿಸಿದಾಗ ಅವನ ಮುಖ ಕೆಂಪಾಯಿತು.

“‘ಅಳಿಸು. ಉಸಿರೆಳೆಯೋದೂ ಕೇಳ್ತಿದೆ. ಬೆತ್ತಲೆ ನಿಂತ ಹಾಗಿದೆ’ ಅಂದ. ‘ಇದೇ ನಿನ್ನ ದನಿ, ಕತ್ತೆ’ ಅಂದೆ. ಗಿಟಾರ್ ಕೆಳಗಿಟ್ಟ. ಆಮೇಲೆ ‘ಇನ್ನೊಂದು ಸಲ ಹಾಕು’ ಅಂದ.”

ಇಡೀ ಆಲ್ಬಮ್ ಹಾಗೆಯೇ ಆಯಿತು. ಅಬ್ಬರವಿಲ್ಲ, ಡ್ರಮ್ಮಿಲ್ಲ. ನಡುವೆ ಎಲ್ಲೋ ಪಕ್ಕದ ಮನೆಯ ನಾಯಿ ಬೊಗಳುವುದೂ ಕೇಳುತ್ತದೆ. ಹೊರಬಂದಾಗ ಜನ ನಕ್ಕರು. ಮಗು ಮಲಗಿಸುವ ಹಾಡು ಎಂದು ಪತ್ರಿಕೆಯೊಂದು ಬರೆಯಿತು. ಕೊಂಡವರು ಅಂಗಡಿಗೆ ವಾಪಸ್ ತಂದರು.

ಇರ್ಮಾರಿಗೆ ನೋವಾದದ್ದು ಬೇರೆಯದಕ್ಕೆ. ರೆಕಾರ್ಡಿನ ಹೊದಿಕೆಯ ಮೇಲೆ ಫೋಟೋ ತೆಗೆದವನ ಹೆಸರಿತ್ತು, ಅಕ್ಷರ ಬರೆದವನ ಹೆಸರಿತ್ತು. ಅವರದಿರಲಿಲ್ಲ. ವಾರದೊಳಗೆ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ದಾರಿಯೋನ ಹಾಡಿನ ಕಛೇರಿ. ಧ್ವನಿಯ ಹೊಣೆ ಹೊರುತ್ತೇನೆಂದು ಇರ್ಮಾ ಮಾತು ಕೊಟ್ಟಿದ್ದರು. ಅವನಿಂದ ಫೋನ್ ಮೇಲೆ ಫೋನ್ ಬಂತು. ಮನೆಯಲ್ಲಿಲ್ಲ ಅಂತ ಹೇಳು ಎಂದು ಅಪ್ಪನಿಗೆ ಸನ್ನೆ ಮಾಡಿದರು.

“ಅಪ್ಪ ರಿಸೀವರಿಗೆ ಕೈ ಅಡ್ಡ ಹಿಡಿದು, ‘ಹುಡುಗ ಅಳ್ತಾ ಇದಾನೇನೋ ಅನ್ಸುತ್ತೆ ಕಣೇ’ ಅಂದ್ರು. ನಾನು ಕದಲಲಿಲ್ಲ. ಅಷ್ಟು ಜಂಬ ನಂಗೆ.”

ಕಛೇರಿಯ ರಾತ್ರಿ ಇರ್ಮಾರ ಬದಲು ಧ್ವನಿ ನೋಡಿಕೊಂಡವರು ಅವನ ಹಳೆಯ ತಂಡದ ಜೊತೆಗಿದ್ದವರು. ಗಿಟಾರನ್ನು ಹಳೆಯ ರೂಢಿಯಂತೆ ಏರಿಸಿದರು, ದನಿ ಮುಳುಗಿತು. “ಜೋರಾಗಿ ಹಾಡೋ!” ಎಂದು ಸಭೆ ಕೂಗಿತು. ಆ ಮೆಲುದನಿಯ ಹಾಡನ್ನು ಅವನು ಕಿರುಚಲು ಹೋದ, ಗಂಟಲು ಒಡೆಯಿತು. ಸಿಳ್ಳೆ, ಕೇಕೆ. ಹಾಡು ಮುಗಿಸದೆ ವೇದಿಕೆಯಿಂದ ಇಳಿದವನು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ದಕ್ಷಿಣದ ನೆವುಕೆನ್ ಎಂಬ ಊರಿಗೆ ಹೋಗಿ ಜಲ್ಲಿ ಲಾರಿ ಓಡಿಸಿಕೊಂಡಿದ್ದ. ಸ್ವಲ್ಪ ಕಾಲಕ್ಕೆ ಇರ್ಮಾರ ಸ್ಟುಡಿಯೋ ಕೂಡ ಮುಚ್ಚಿತು. ಅವರು ಮಾರುಕಟ್ಟೆಗೆ ಬಂದರು. ಅವನಿಗೊಂದು ಕಾಗದ ಬರೆಯಬೇಕೆಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಅದನ್ನು ಬರೆಯುವ ಮೊದಲೇ ದಾರಿಯೋ ಹೃದಯಾಘಾತದಿಂದ ತೀರಿಕೊಂಡ.

ಆ ಸುದ್ದಿ ಹೊತ್ತು ಮಾರುಕಟ್ಟೆಗೆ ಬಂದವಳು ಅವನ ತಂಗಿ ಮಾಬೆಲ್. ಹಣ್ಣಿನ ಪೆಟ್ಟಿಗೆಗಳ ನಡುವೆ ನಿಂತೇ ಮಾತಾಡಿದಳು.

“ನಿಮ್ಮ ಹೆಸರು ಬಿಟ್ಟದ್ದು ರೆಕಾರ್ಡ್ ಕಂಪನಿಯೋರು, ಅಕ್ಕಾ. ಅಣ್ಣ ಅಲ್ಲಿ ಹೋಗಿ ರಂಪ ಮಾಡಿದ್ದ. ಅಚ್ಚಾಗಿಹೋಗಿದೆ, ಏನೂ ಮಾಡಕ್ಕಾಗಲ್ಲ ಅಂದ್ರಂತೆ. ಅದನ್ನ ನಿಮಗೆ ಹೇಳಕ್ಕೇ ಅಷ್ಟೊಂದು ಸಲ ಫೋನ್ ಮಾಡಿದ್ದು.”

ಇರ್ಮಾ ಇದನ್ನು ಹೇಳುವಾಗ ‘ಮಾತೆ’ ಎಂಬ ಇಲ್ಲಿಯ ಎಲೆಕಷಾಯ ಹೀರುವುದನ್ನು ನಿಲ್ಲಿಸಿ, ಅದರ ಬಿಸಿ ಸೋರೆಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. “ಮಾಬೆಲ್ ನನ್ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಹಳೆಯ ರೆಕಾರ್ಡುಗಳ ರಾಶಿಯಲ್ಲಿ ಯಾರಿಗೋ ಸಿಕ್ಕಿದ ‘ಹಿತ್ತಿಲು’ ಫೋನಿನಿಂದ ಫೋನಿಗೆ ಹರಿದಾಡಿ, ಈಗ ಮತ್ತೆ ಅಚ್ಚಾಗುತ್ತಿದೆ. ಅಂದು ನಕ್ಕ ಪತ್ರಿಕೆಯೇ ಈಗ ಹೊಗಳುತ್ತಿದೆ. ಹೊಸ ಹೊದಿಕೆಯಲ್ಲಿ ಇರ್ಮಾರ ಹೆಸರಿದೆ. ಮಾದರಿ ಪ್ರತಿ ಮನೆಗೆ ಬಂದಾಗ ಅದನ್ನು ಓದಿ ಏನನ್ನಿಸಿತು ಎಂದು ಕೇಳುತ್ತೇನೆ.

“ಚೆನ್ನಾಗೇ ಇದೆ. ಆದ್ರೆ ಅದನ್ನ ನೋಡಬೇಕಾದೋನು ಇಲ್ವಲ್ಲ.” ಬುರುಡೆ ಕೆಳಗಿಟ್ಟು ಅವರೇ ಮುಂದುವರಿಸುತ್ತಾರೆ: “ಆವತ್ತು ಕ್ಲಬ್ಬಲ್ಲಿದ್ದ ಜನ ಈಗಲೂ ಹೇಳ್ತಾರೆ, ಲೆನ್ಸಿನಾಗೆ ಒಬ್ಬನೇ ಹಾಡಕ್ಕೆ ಗಂಟಲಿರಲಿಲ್ಲ ಅಂತ. ನೀವು ಬರೆಯೋದಾದ್ರೆ ಇಷ್ಟು ಬರೀರಿ. ಅವನ ದನಿ ಸೋತಿರಲಿಲ್ಲ. ನಾನು ಅಲ್ಲಿರಲಿಲ್ಲ.”