ಗೋಡೆಗೆ ತೂಗಿದ ಚಂದ್ರಿಕೆ

ಬೈರಕೂರಿನ ಬಾಡಿಗೆ ಮನೆಗೆ ನಾವು ಬಂದಿಳಿದಾಗ ಅಲ್ಲಿ ನಮಗಿಂತ ಮೊದಲೇ ಸಾವಿರಾರು ಹುಳುಗಳು ಸಂಸಾರ ಹೂಡಿದ್ದವು. ಗೋಡೆಯಾಚೆಯಿಂದ ಎಡೆಬಿಡದೆ ಸದ್ದು ಬರುತ್ತಿತ್ತು, ಯಾರೋ ಒಂದು ಬುಟ್ಟಿ ಹಪ್ಪಳ ಮುಂದಿಟ್ಟುಕೊಂಡು ಮುರಿಯುತ್ತ ಕೂತ ಹಾಗೆ. ನಾವಿನ್ನೂ ಗಂಟುಮೂಟೆ ಇಳಿಸಿರಲಿಲ್ಲ, ಮನೆಯೊಡತಿ ನಾರಾಯಣಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು.

"ಹುಳ ಇಕ್ಕಿದೀವಿ ಮೇಷ್ಟ್ರಮ್ಮಾ. ಅವು ಹಣ್ಣಾಗಿ ಗೂಡು ಕಟ್ಟೋವರ್ಗೂ ಮೆಣಸಿನಕಾಯಿ ಹುರೀಬೇಡಿ, ಒಗ್ಗರಣೆ ಹಾಕ್ಬೇಡಿ, ಊದುಬತ್ತೀನೂ ಹಚ್ಬೇಡಿ. ಘಾಟು ಅವಕ್ಕೆ ಆಗಲ್ಲ."

ರೇಷ್ಮೆ ಹುಳು. ಸೀರೆಯಲ್ಲಿ ಮಾತ್ರ ರೇಷ್ಮೆ ನೋಡಿದ್ದ ನನಗೆ ಅದು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ. ಅವರ ಭಾಗಕ್ಕೂ ನಮ್ಮ ಭಾಗಕ್ಕೂ ನಡುವೆ ಇದ್ದ ಗೋಡೆ ಸೂರಿನವರೆಗೆ ಏರಿರಲಿಲ್ಲ, ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯ ಘಾಟು ಅಲ್ಲಿಗೆ. ನನ್ನ ಹಿಂದೆ ನಿಂತಿದ್ದ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಮ್ಮ ಭಾಷೆಯಲ್ಲಿ ಗೊಣಗಿದರು: "ಹುಳಕ್ಕ ಅಂಜಿ ಒಗ್ಗರಣಿ ಬಿಡಬೇಕೇನವಾ? ಎಂಥಾ ಊರಿಗೆ ತಂದ್ರಿ ನನ್ನ."

ನಮ್ಮ ನವಲಗುಂದದ ಕಡೆಯ ಓದುಗರಿಗೆ ಅತ್ತೆಯ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮಾವ ತೀರಿಕೊಂಡ ಮೇಲೆ ನಮ್ಮೂರ ಮನೆ ಇಬ್ಬರು ಗಂಡುಮಕ್ಕಳಿಗೆ ಪಾಲಾಯಿತು. ನಡುಮನೆಯಲ್ಲಿ ಎದ್ದ ಗೋಡೆ ಜಂತಿ ಮುಟ್ಟುವವರೆಗೂ ನಿಲ್ಲಲಿಲ್ಲ. ಅತ್ತೆಯ ಒಲೆ ಒಂದು ಕಡೆಗೆ, ದೇವರ ಗೂಡು ಇನ್ನೊಂದು ಕಡೆಗೆ ಹೋಯಿತು. ಆ ಹೊತ್ತಿಗೆ ಸರಿಯಾಗಿ ಗಣಿತದ ಮೇಷ್ಟ್ರಾದ ನನ್ನ ಗಂಡನಿಗೆ ಮುಳಬಾಗಿಲು ತಾಲ್ಲೂಕಿನ ಈ ಬೈರಕೂರಿಗೆ ವರ್ಗವಾಯಿತು. ಊರಿನ ನಮ್ಮ ಪಾಲಿಗೆ ಬಾಡಿಗೆಯವರು ಬಂದರು. ಅತ್ತೆ ಒಂದು ಕಬ್ಬಿಣದ ಟ್ರಂಕಿನಲ್ಲಿ ತಮ್ಮದೆಲ್ಲವನ್ನೂ ತುಂಬಿಕೊಂಡು, "ನಾಕ ದಿನ ಇದ್ದು ಬರ್ತೇನಿ" ಎಂದು ನಮ್ಮ ಜೊತೆ ಬಸ್ಸು ಹತ್ತಿದರು.

ನಾಲ್ಕು ದಿನ ಮುಗಿದು ತಿಂಗಳುಗಳಾದರೂ ಟ್ರಂಕು ಬಾಗಿಲ ಪಕ್ಕದಲ್ಲೇ ಇತ್ತು. ದಿನಾ ಬೆಳಿಗ್ಗೆ ಬೀಗ ತೆಗೆದು ಒಂದು ಸೀರೆ ಹೊರಗೆ ತೆಗೆಯುವರು. ಒಗೆದು ಒಣಗಿದ್ದನ್ನು ಮಡಿಸಿ ಒಳಗಿಟ್ಟು ಮತ್ತೆ ಬೀಗ ಹಾಕುವರು. ಗೂಡಿನಲ್ಲಿ ಜಾಗ ಮಾಡಿಕೊಟ್ಟೆ, ಗೋಡೆಗೆ ಗೂಟ ಹೊಡೆಸಿದೆ. "ಇರಲಿ ಬಿಡು, ಹೋಗುವಾಕಿಗೆ ಯಾಕ" ಎನ್ನುವರು. ಆ ಬೀಗ ನೋಡಿದಾಗಲೆಲ್ಲ ನನಗೂ ಛತ್ರದಲ್ಲಿ ಇಳಿದುಕೊಂಡ ಹಾಗೆ ಅನಿಸುತ್ತಿತ್ತು. ಗಂಡ ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆಯ ತನಕ ನನ್ನ ಭಾಷೆಯಲ್ಲಿ ಮಾತಾಡಲು ಇದ್ದವರು ಅವರೊಬ್ಬರೇ. ಅವರೂ ಹೊರಟುಬಿಟ್ಟರೆ ಏನು ಗತಿ ಎಂಬ ಭಯ ನನ್ನದು.

ಹೊರಗಿನದನ್ನು ನಾನು ಹೇಗೋ ಕಲಿತುಕೊಂಡೆ. ನಮ್ಮ ಕಪ್ಪು ಎರೆಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಬಯಲು. ಇಲ್ಲಿ ಕೆಂಪು ಮಣ್ಣು, ಎಲ್ಲಿ ತಿರುಗಿದರೂ ಬಂಡೆ, ಬಂಡೆ ತಪ್ಪಿದರೆ ಮಾವಿನ ತೋಪು. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು ಮುಸುಕಿನ ಜೋಳ ತೋರಿಸಿದರು. ರಾಗಿಮುದ್ದೆಯನ್ನು ಅಗಿದು ತಿಂದು ನಗೆಪಾಟಲಾದೆ, ಆಮೇಲೆ ನುಂಗುವುದನ್ನು ಕಲಿತೆ. ಜನ ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುವರು. ನನ್ನ ಗಂಡ ತಾಯಿಯನ್ನು "ಅವ್ವ" ಎಂದಾಗ ಅಕ್ಕಪಕ್ಕದವರಿಗೆ ಆಶ್ಚರ್ಯ, ಯಾಕೆಂದರೆ ಇಲ್ಲಿಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನಾರಾಯಣಮ್ಮ ಅತ್ತೆಯನ್ನು "ಪೆದ್ದಮ್ಮ" ಎಂದು ಕರೆದರು, ದೊಡ್ಡಮ್ಮ ಎಂದು. ಅತ್ತೆಗೆ ಅದು ಬೈಗುಳದ ಹಾಗೆ ಕೇಳಿಸಿ, ಎರಡು ದಿನ ಆಕೆಯ ಕಡೆ ಮುಖ ಕೊಟ್ಟು ಮಾತಾಡಲಿಲ್ಲ.

ಮನೆಯೊಳಗಿನ ಬರಿದನ್ನು ಮಾತ್ರ ಹೇಗೆ ತುಂಬಬೇಕೋ ತಿಳಿಯದಾಯಿತು. ಆ ವರ್ಷಗಳಲ್ಲಿ ಮುಳಬಾಗಿಲಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮಣ್ಣಿನ ಮನೆ ಕೆಡವಿ ತಾರಸಿ ಹಾಕಿಸುವ ಉತ್ಸಾಹ. ಅಗಲವಾದ ಮಂಚ, ಕಂಚಿನ ಚೊಂಬು, ರಾಗಿ ತುಂಬಿಡುವ ಮಣ್ಣಿನ ಗುಡಾಣ, ಎಲ್ಲ ಬೀದಿಗೆ ಬರುತ್ತಿದ್ದವು. ಜನ ಅವುಗಳ ಬದಲು ಸ್ಟೀಲ್ ಡಬ್ಬ, ಮಡಚುವ ಕುರ್ಚಿ ಒಯ್ಯುತ್ತಿದ್ದರು. ನಾನು ಎದುರು ದಿಕ್ಕಿಗೆ ನಡೆದೆ. ಗುಜರಿ ಅಂಗಡಿಯಿಂದ ಕಡೆದ ಕಾಲುಗಳ ಮಂಚ ತಂದೆ. ಗಂಡನ ಸಹೋದ್ಯೋಗಿಯ ಮದುವೆಗೆಂದು ಮಾಲೂರಿಗೆ ಹೋದಾಗ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಅಂಗಳದ ಮೂಲೆಯಲ್ಲಿ ಒಂದು ಪೀಠ ಬಿದ್ದಿತ್ತು, ಅಂಚು ಮುಕ್ಕಾಗಿ ಬೇಡವಾದದ್ದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಅದರ ಮೇಲೆ ನೀರಿನ ಕೊಡ ಇಟ್ಟೆ. ನಾರಾಯಣಮ್ಮನ ಕೊಟ್ಟಿಗೆಯಲ್ಲಿ ಅವರ ಹಳೇ ಮನೆಯ ಕದವೊಂದು ಮಳೆಗೆ ನೆನೆಯುತ್ತ ಬಿದ್ದಿತ್ತು. ಕಿರಿದಾದ, ಒಂದೇ ಹಲಗೆಯ ಬೇವಿನ ಕದ. ಅದನ್ನು ಕೇಳಿ ಪಡೆದು, ಇಟ್ಟಿಗೆ ಜೋಡಿಸಿ ಮೇಲಿಟ್ಟು, ಬರೆಯುವ ಮೇಜು ಮಾಡಿಕೊಂಡೆ.

ಅತ್ತೆ ಒಂದೊಂದನ್ನೂ ನೋಡಿ ಮೂಗು ಮುರಿದರು. "ದೇವರಿಲ್ಲದ ಪೀಠದ ಮ್ಯಾಲೆ ಯಾರ್ನ ಕುಂದರಸ್ತಿ? ಆ ಮಂಚದಾಗ ಯಾರು ಸತ್ತಾರೋ ಏನೋ. ಮಂದಿ ಬಿಟ್ಟ ಸಾಮಾನ ತಂದು ಮನಿ ತುಂಬಿದ್ರ ಅದು ನಮ್ಮ ಮನಿ ಹ್ಯಾಂಗ ಆಗ್ತದ?"

"ನಮ್ಮ ಸಾಮಾನು ಯಾರ ಮನೆ ಸೇರಿತೋ, ಅವರ ಸಾಮಾನು ನಮ್ಮ ಮನೆ ಸೇರಲಿ ಬಿಡ್ರಿ" ಎಂದೆ. ಅವರು ಮುಖ ತಿರುಗಿಸಿಕೊಂಡರು. ಊರಿನಲ್ಲಿ ತಮ್ಮ ಶಾವಿಗೆ ಮಣೆಯನ್ನು ಪಾಲಿನಲ್ಲಿ ಗೋಡೆಯ ಆಚೆಗೆ ಬಿಟ್ಟು ಬಂದಿದ್ದು ಅವರ ಮನಸ್ಸಿಗೆ ಬಂದಿರಬೇಕು. ಆಡಬಾರದ ಮಾತು ಆಡಿದೆನಲ್ಲ ಎಂದು ನನಗೆ ಕೆಟ್ಟೆನಿಸಿತು.

ಆಮೇಲಿನದು ಚಂದ್ರಿಕೆಯ ಪ್ರಸಂಗ. ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಇಲ್ಲಿ ಚಂದ್ರಿಕೆ ಎನ್ನುತ್ತಾರೆ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಸುತ್ತಿ ಸುತ್ತಿ ಅಂಚಿನವರೆಗೂ ನಿಲ್ಲಿಸಿರುತ್ತಾರೆ. ಒಂದೆರಡು ಕಡೆ ಪಟ್ಟಿ ಮುರಿದಿದ್ದ ಹಳೆಯದೊಂದನ್ನು ನಾರಾಯಣಮ್ಮ ಒಲೆಗೆ ಹಾಕುವುದರಲ್ಲಿದ್ದರು. ನನಗೆ ಅದು ಒಳ್ಳೆ ರಂಗೋಲಿಯ ಹಾಗೆ ಕಂಡು, ಬೇಡಿಕೊಂಡು ತಂದು, ಪಡಸಾಲೆಯ ಗೋಡೆಗೆ ತೂಗಿ, ನಡುವೆ ನಮ್ಮ ಮದುವೆಯ ಫೋಟೋ ಸಿಕ್ಕಿಸಿದೆ.

ಮಜ್ಜಿಗೆ ಕೊಡಲು ಬಂದ ನಾರಾಯಣಮ್ಮ ಹೊಸ್ತಿಲಲ್ಲೇ ನಿಂತರು. ಬಾಯಿಗೆ ಸೆರಗು ಅಡ್ಡ ಹೋಯಿತು.

"ಅಯ್ಯೋ ದೇವುಡಾ! ಚಂದ್ರಿಕೇನಾ ಗೋಡೆಗೆ ಹಾಕವ್ರಲ್ಲಮ್ಮಾ! ಅದ್ರಾಗೆ ಮೇಷ್ಟ್ರೂ ನೀವೂ! ಯಾವಾಗ ಗೂಡು ಕಟ್ತೀರಾ?"

ಮೂಲೆಯಿಂದ ನಗು ಕೇಳಿಸಿತು. ಅತ್ತೆ! ಈ ಮನೆಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ನಾನೂ ಅದನ್ನ ಹೇಳಾಕತ್ತೇನಿ ನೋಡವಾ. ನಮ್ಮ ಸೊಸಿಗೆ ನಾಳೆ ಕಸಬರಿಗಿ ಸಿಕ್ರ ಅದನ್ನೂ ಗ್ವಾಡಿಗೆ ಹಾಕ್ತಾಳ" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಧ್ಯಾಹ್ನದೊಳಗೆ ಬೀದಿಯ ಹೆಂಗಸರೆಲ್ಲ ಒಂದೊಂದು ನೆಪ ಹೂಡಿ ಬಂದು ನೋಡಿ ಹೋದರು. ನನಗೆ ನಾಚಿಕೆಯಾದರೂ ಚಂದ್ರಿಕೆಯನ್ನು ಇಳಿಸಲಿಲ್ಲ. ಅತ್ತೆ ನಕ್ಕರಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅವತ್ತಿನಿಂದ ಸಂಜೆ ಹೊತ್ತು ನಾರಾಯಣಮ್ಮ ಆ ಕಡೆಯಿಂದ "ಪೆದ್ದಮ್ಮಾ, ಕಾಫಿ ಆಯ್ತಾ?" ಎಂದರೆ, ಅತ್ತೆ ಈ ಕಡೆಯಿಂದ "ಆತವಾ, ನಿಂದು?" ಎನ್ನತೊಡಗಿದರು. ಗೋಡೆ ಗಿಡ್ಡ ಇದ್ದದ್ದು ಒಳ್ಳೆಯದೇ ಆಯಿತು.

ಅಷ್ಟರಲ್ಲಿ ಊರಿನಿಂದ ಮೈದುನ ಈರಣ್ಣನ ಕಾಗದ ಬಂತು. ಯುಗಾದಿ ಕಳೆದ ಮೇಲೆ ಬಂದು ಅವ್ವನನ್ನು ಕರೆದುಕೊಂಡು ಹೋಗುವೆನೆಂದು ಬರೆದಿದ್ದ. ಗಂಡ ಓದಿ ಹೇಳಿದಾಗ ಅತ್ತೆ "ಹೂಂ" ಎಂದರು. ಮರುದಿನವೇ ಗೋಧಿ ತರಿಸಿದರು. "ಶಾವಿಗಿ ಮಾಡ್ತೇನಿ" ಎಂದರು. ಬೇಸಿಗೆಯಲ್ಲಿ ನಮ್ಮೂರ ಹೆಂಗಸರೆಲ್ಲ ಇವರ ಅಂಗಳದಲ್ಲಿ ಕೂಡಿ ಶಾವಿಗೆ ಹೊಸೆಯುತ್ತಿದ್ದರು. ಊರಿಗೆ ಬರಿಗೈಲಿ ಹೋಗಬಾರದೆಂದು ಈ ತಯಾರಿ ಎಂದುಕೊಂಡೆ. ಮಗನ ಮನೆಗೆ ಹೋಗುವವರನ್ನು ಸೊಸೆ ಹೇಗೆ ತಡೆಯುವುದು?

ಗೋಧಿ ನೆನೆಸಿ, ಆರಿಸಿ, ಬೀಸಿ, ಜರಡಿ ಹಿಡಿದು, ಕಣಕ ನಾದಿ ಕುಟ್ಟಿದ್ದಾಯಿತು. ಮಣೆ? ಶಾವಿಗೆ ಮಣೆ ಎಂದರೆ ಉದ್ದುದ್ದ ಸಣ್ಣ ಗೀರುಗಳಿರುವ ಹಲಗೆ. ಓರೆಯಾಗಿ ನಿಲ್ಲಿಸಿ, ಮೇಲೆ ಕೂತು ಕಣಕ ಹೊಸೆದರೆ ಕೆಳಗೆ ಎಳೆ ಇಳಿಯಬೇಕು. ಅಂಥದ್ದು ಈ ಸೀಮೆಯಲ್ಲಿ ಎಲ್ಲಿಂದ ತರೋಣ? ಅತ್ತೆ ಮನೆಯೆಲ್ಲ ಒಂದು ಸುತ್ತು ನೋಡಿದರು. ನನ್ನ ಮೇಜಿನ ಮುಂದೆ ನಿಂತು ಪುಸ್ತಕಗಳನ್ನು ಎತ್ತಿ ನೆಲಕ್ಕಿಟ್ಟರು. ಬೇವಿನ ಕದದ ಮೇಲೆ ಅಂಗೈ ಆಡಿಸಿದರು. ವರ್ಷವರ್ಷದ ಮಳೆಗೆ ಮೆತ್ತನೆಯ ಭಾಗ ಸವೆದು, ಮರದ ಎಳೆಗಳು ಸಣ್ಣ ಗೀರುಗಳಾಗಿ ಎದ್ದು ನಿಂತಿದ್ದವು.

"ಹಿಡಿ ಇತ್ಲಾಗ" ಎಂದರು.

ಕದವನ್ನು ತಿಕ್ಕಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಒಂದು ತುದಿಯನ್ನು ಶಿವಾರಪಟ್ಟಣದ ಪೀಠದ ಮೇಲೆ ಏರಿಸಿದರು. ಅತ್ತೆ ಮೇಲೆ ಕೂತು ಹೊಸೆದರು; ನಾನು ಕೆಳಗೆ ಕೂತು ಎಳೆ ಹಿಡಿದೆ. ಮೊದಲೆಲ್ಲ ತುಂಡು ತುಂಡಾಯಿತು. ಆಮೇಲೆ ಅವರ ಕೈಗೆ ಹಲಗೆಯ ಗುಣ ತಿಳಿದು, ಎಳೆ ಸಣ್ಣಗೆ, ಉದ್ದಕ್ಕೆ ಇಳಿಯತೊಡಗಿತು. ಇಳಿದದ್ದನ್ನು ತೂಗುಹಾಕಲು ಕೋಲು ಇರಲಿಲ್ಲ. ಅತ್ತೆ ಪಡಸಾಲೆಯ ಕಡೆ ಕಣ್ಣು ಮಾಡಿದರು. ನಾನೇ ಎದ್ದು ಹೋಗಿ ಫೋಟೋ ತೆಗೆದು ಚಂದ್ರಿಕೆ ಇಳಿಸಿ, ತೊಳೆದು, ಅಂಗಳದ ಬಿಸಿಲಿಗೆ ಒರಗಿಸಿದೆ. ಪಟ್ಟಿಯಿಂದ ಪಟ್ಟಿಗೆ ಶಾವಿಗೆ ಇಳಿಬಿಟ್ಟೆವು.

ನಾರಾಯಣಮ್ಮ ಸೊಪ್ಪಿನ ಹೊರೆ ಇಳಿಸಿ ಓಡಿ ಬಂದರು. ಈ ಸಲ ನಗಲಿಲ್ಲ. ಒಂದೆಳೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಬಾಗುಂದಿ ಪೆದ್ದಮ್ಮಾ, ಚೆನ್ನಾಗೈತೆ. ನಮ್ ಹುಳಕ್ಕಿಂತ ಸಣ್ಣಗೆ ತೆಗೀತೀರಲ್ಲ! ಇದು ನಮ್ಮತ್ತೆ ಮನೆ ಬಾಗಿಲು ಕಣಮ್ಮಾ. ನಾನು ಮದುವೆಯಾಗಿ ಬಂದಾಗ ಇದನ್ನೇ ತಳ್ಳಿ ಒಳಗೆ ಬಂದಿದ್ದು." ಎಂದವರೇ ಕೈ ತೊಳೆದು ಬಂದು ನನ್ನನ್ನು ಸರಿಸಿ ಎಳೆ ಹಿಡಿಯಲು ಕೂತರು.

ಈರಣ್ಣ ಬರುವ ಹಿಂದಿನ ದಿನ ಶಾವಿಗೆ ಗರಿಗರಿಯಾಗಿ ಒಣಗಿತ್ತು. ನಾನು ಬಾವಿಯಿಂದ ನೀರು ತಂದು ಒಳಗೆ ಬಂದರೆ, ಅತ್ತೆ ಟ್ರಂಕಿನ ಮುಂದೆ ಕೂತಿದ್ದರು. ಬಾಯಿ ತೆರೆದ ಟ್ರಂಕು. ಸೀರೆ, ಕುಪ್ಪಸ, ಮಾವನ ರುಮಾಲು, ಹಿತ್ತಾಳೆ ತಂಬಿಗೆ ಎಲ್ಲ ನೆಲದ ಮೇಲೆ. ಹೊರಡುವ ಗಂಟು ಕಟ್ಟುತ್ತಿದ್ದಾರೆಂದು ನನ್ನ ಕಣ್ಣು ತುಂಬಿತು.

"ನಿಂತು ಏನ್ ನೋಡ್ತಿ?" ಎಂದರು. "ಈ ಊರಾಗ ಇಲಿ ಭಾಳ. ಡಬ್ಬ್ಯಾಗ ಇಷ್ಟು ಶಾವಿಗಿ ಹಿಡಿಯಂಗಿಲ್ಲ. ಆ ಸೀರಿ ಎಲ್ಲಾ ಗೂಡಿನಾಗ ಇಡು. ರುಮಾಲು ಗೂಟಕ್ಕ ಹಾಕು."

ನಾನು ಒಂದೊಂದೇ ಎತ್ತಿ ಗೂಡಿನಲ್ಲಿಟ್ಟೆ. ಅವರು ಟ್ರಂಕಿನ ತಳಕ್ಕೆ ಹಳೆಯ ಧೋತರ ಹಾಸಿ ಶಾವಿಗೆ ಜೋಡಿಸಿದರು. ಮಾವನ ರುಮಾಲನ್ನು ನಾನು ಹೊಡೆಸಿದ್ದ ಗೂಟಕ್ಕೆ ಹಾಕಿದೆ.

ಮರುದಿನ ಈರಣ್ಣ ಬಂದು ಊಟ ಮಾಡಿ, "ನಡೀ ಅವ್ವಾ" ಎಂದ. ಅತ್ತೆ ಅವನ ಕೈಗೆ ಶಾವಿಗೆಯ ದೊಡ್ಡ ಗಂಟು ಕೊಟ್ಟರು. "ಇದನ್ನ ಊರಿಗೆ ಒಯ್ಯಿ. ಗ್ವಾಡಿ ಆ ಕಡೆ, ಈ ಕಡೆ, ಎಲ್ಲಾರಿಗೂ ಹಂಚು. ನಾ ಆಮ್ಯಾಲೆ ಬರ್ತೇನಿ. ಟ್ರಂಕಿನ್ಯಾಗ ಶಾವಿಗಿ ಅದಾವ. ಅವು ಮುಗೀಲಿ."

ಅದಾಗಿ ಕೆಲವು ಬೇಸಿಗೆಗಳು ಕಳೆದಿವೆ. ನಾನೀಗ ಹುಳುವಿನ ಸದ್ದು ಇಲ್ಲದಿದ್ದರೆ ಮನೆ ಭಣಭಣ ಎನ್ನುವವಳಾಗಿದ್ದೇನೆ. ಆದರೂ ಕನಸಿನಲ್ಲಿ ಕಾಣುವುದು ಎರೆಹೊಲವೇ. ಅತ್ತೆ ಇಂದಿಗೂ ಮಾತಿಗೆ ಮುಂಚೆ "ನಮ್ಮೂರಾಗ" ಎನ್ನುತ್ತಾರೆ. ಈರಣ್ಣ ವರ್ಷವರ್ಷವೂ ಕರೆಯಲು ಬರುತ್ತಾನೆ, ಗಂಟು ಹೊತ್ತು ಒಬ್ಬನೇ ಹೋಗುತ್ತಾನೆ. ಟ್ರಂಕಿಗೆ ಈಗ ಬೀಗವಿಲ್ಲ. ಅದರ ಕೀಲಿಕೈ ಮಾತ್ರ ಅತ್ತೆಯ ಸೆರಗಿನ ಗಂಟಿನಲ್ಲೇ ಇದೆ. ಶಾವಿಗೆ ತಳ ಕಾಣುವ ಹೊತ್ತಿಗೆ ಸರಿಯಾಗಿ, ಯಾರೂ ಹೇಳದಿದ್ದರೂ, ಅವರು ಗೋಧಿ ನೆನೆಸುತ್ತಾರೆ.