ಕಡಜ ಕಚ್ಚಿದ ದಿನ

ನಾನು ಚಿಕ್ಕವನಿದ್ದಾಗ ಕಡಜದ ಹುಳು ಕಚ್ಚಿದರೆ ಸುಣ್ಣ ಹಚ್ಚಿ ಸುಮ್ಮನಾಗುತ್ತಿದ್ದೆವು. ಅದಕ್ಕೆಲ್ಲ ಹೆದರುವವರು ಯಾರೂ ಇರಲಿಲ್ಲ. ಬಿಳಿಗೆರೆ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ನಾನು ಹೇಳುವ ದಿನಕ್ಕೆ ಒಂದು ವರ್ಷ ಹಿಂದೆ ಅಕ್ಕನಿಗೊಮ್ಮೆ ಕಚ್ಚಿ, ಕೈ ಮೊಣಕೈವರೆಗೂ ಊದಿಕೊಂಡಿತ್ತು. ಊತ ಇಳಿಯಿತು, ನಾವೂ ಮರೆತೆವು.

ಆವತ್ತು ಶಾಲೆಗೆ ರಜೆ. ಗಾಳಿಗೆ ಬಿದ್ದ ಸೋಗೆಗಳನ್ನು ಒಲೆಗೆ ಆಯ್ದು ತರಲು ಅಕ್ಕನೂ ನಾನೂ ತೋಟಕ್ಕೆ ಹೋಗಿದ್ದೆವು. ಮಳೆ ಬಿದ್ದ ಮಣ್ಣು ಘಮ್ಮೆನ್ನುತ್ತಿತ್ತು. ಅಕ್ಕ ಒಂದು ಒಣ ಸೋಗೆಯ ಬುಡ ಹಿಡಿದು ಎಳೆದಳು. ಅದರಡಿ ಕಡಜದ ಗೂಡಿತ್ತು. ಅಕ್ಕನ ಕತ್ತಿಗೊಂದು, ಕಿವಿಯ ಹಿಂದೊಂದು ಹುಳು ಕಚ್ಚಿತು. ಇಬ್ಬರೂ ಓಡಿದೆವು.

ತೋಟದ ಬೇಲಿ ದಾಟುವಷ್ಟರಲ್ಲಿ ಅಂಗೈ ವಿಪರೀತ ನವೆ ಎಂದಳು. ಆಮೇಲೆ ತೋಳು, ಹೊಟ್ಟೆಯ ಮೇಲೆಲ್ಲ ಕೆಂಪು ಗಂದೆ ಎದ್ದವು. ಮನೆ ಮುಟ್ಟುವಾಗ ತುಟಿ ದಪ್ಪಗಾಗಿ, ಕಣ್ಣು ಮುಚ್ಚಿಹೋಗಿ, ಅವಳು ನಮ್ಮಕ್ಕನೇ ಅಲ್ಲವೇನೋ ಅನ್ನಿಸಿತು. ದನಿ ಗೊಗ್ಗರಾಯಿತು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಸಿಳ್ಳೆ ಹಾಕಿದಂತೆ ಸದ್ದು. ನನಗೆ ಆ ಸದ್ದೇ ಹೆಚ್ಚು ಭಯ ಹುಟ್ಟಿಸಿತು.

ಅಕ್ಕಪಕ್ಕದವರು ಸೇರಿದರು. ಕಚ್ಚಿದ್ದು ಹಾವೇ ಇರಬೇಕು ಎಂದರು ಕೆಲವರು. ಮಂತ್ರ ಹಾಕಿಸಿ ಎಂದರು ಇನ್ನು ಕೆಲವರು. ಅಪ್ಪ ಯಾರ ಮಾತು ಕೇಳಬೇಕೋ ತಿಳಿಯದೆ ನಿಂತುಬಿಟ್ಟರು. ಅಮ್ಮ ಮಾತ್ರ ಅಕ್ಕನ ಎದೆಗೆ ಕಿವಿಯಿಟ್ಟು ಕೇಳಿ ಎದ್ದಳು.

"ಮಂತ್ರ ಆಮೇಲೆ ನೋಡಾಣ. ಉಸ್ರೇ ಹೋಗ್ತಾ ಐತೆ ಕಣ್ರೀ, ಮೊದ್ಲು ಆಸ್ಪತ್ರೆಗೆ ನಡೀರಿ."

ಊರಲ್ಲಿ ಆಂಬುಲೆನ್ಸ್ ಇರಲಿ, ಕಾರೂ ಇರಲಿಲ್ಲ. ತಿಪಟೂರಿಗೆ ಕೊಬ್ಬರಿ ಹೊತ್ತು ಹೊರಟಿದ್ದ ಟೆಂಪೋವನ್ನು ಅಪ್ಪ ಅಡ್ಡಗಟ್ಟಿದರು. ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಅಕ್ಕ, ಹಿಂದೆ ಮೂಟೆಗಳ ಮೇಲೆ ಅಮ್ಮ ಮತ್ತು ನಾನು. ತಿಪಟೂರು ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿಯೊಂದು ಮುಗಿಯುವ ಹಾಗೇ ಕಾಣದೆ ತೆವಳುತ್ತಿತ್ತು. ನಾನು ಬಗ್ಗಿ ನೋಡಿದೆ. ಅಕ್ಕನ ಕೈ ಕಿಟಕಿಯಾಚೆ ಜೋತುಬಿದ್ದಿತ್ತು. ಅಪ್ಪ ಅಳುತ್ತಿದ್ದರು. ಅಪ್ಪಂದಿರೂ ಅಳುತ್ತಾರೆಂದು ನನಗೆ ಅದುವರೆಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೆಚ್ಚೇನೂ ಕೇಳಲಿಲ್ಲ. ಏನು ಕಚ್ಚಿತು, ಎಷ್ಟು ಹೊತ್ತಾಯಿತು ಎಂದಷ್ಟೇ ಕೇಳಿ, ಅಕ್ಕನ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಕಾಲು ಎತ್ತರಿಸಿ ಮಲಗಿಸಿ, ಮೂಗಿಗೆ ಆಕ್ಸಿಜನ್ ಇಟ್ಟರು. ಅಮ್ಮ ಗೋಡೆಗೊರಗಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಆ ಸಿಳ್ಳೆ ಸದ್ದು ಸಣ್ಣಗಾಯಿತು. ಅಕ್ಕ ಕಣ್ಣು ಕಿರಿದಾಗಿ ತೆರೆದು ನೀರು ಕೇಳಿದಳು.

ಹೋದ ವರ್ಷವೂ ಕಚ್ಚಿತ್ತೆಂದು ಅಮ್ಮ ಹೇಳಿದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. "ನಮ್ಮ ಮೈ ಕಾಯೋ ಶಕ್ತಿ ಒಳಗೇ ಇರುತ್ತೆ. ಹೋದ ವರ್ಷ ಕಚ್ಚಿದಾಗ ಅದು ಹುಳದ ವಿಷಾನ ದೊಡ್ಡ ಶತ್ರು ಅಂತ ತಪ್ಪು ತಿಳ್ಕೊಂಡಿದೆ. ಈ ಸಲ ಮೈಯೆಲ್ಲ ಯುದ್ಧಕ್ಕೆ ನಿಂತುಬಿಡ್ತು. ಇದನ್ನೇ ಅಲರ್ಜಿ ಅನ್ನೋದು. ಇನ್ನೊಂದು ಸಲ ಕಚ್ಚಿದ್ರೆ ಮನೇಲಿ ಕಾಯಬೇಡಿ, ತಕ್ಷಣ ಬನ್ನಿ."

ಮತ್ತೆ ಉಸಿರು ಕಟ್ಟಬಹುದೆಂದು ಆ ರಾತ್ರಿ ಅಲ್ಲೇ ಉಳಿಸಿಕೊಂಡರು. ಅಕ್ಕ ಗುಣವಾದರೂ ನನ್ನ ಭಯ ಬೇಗ ಹೋಗಲಿಲ್ಲ. ಎಷ್ಟೋ ದಿನ ಅವಳು ಮಲಗಿದ್ದಾಗ ಉಸಿರಾಡುತ್ತಿದ್ದಾಳಾ ಎಂದು ಹತ್ತಿರ ಹೋಗಿ ನೋಡುತ್ತಿದ್ದೆ.

ಮಕ್ಕಳೇ, ಆ ಅಕ್ಕನೇ ನಿಮ್ಮಜ್ಜಿ. ಅದಕ್ಕೇ ನಾನೂ ನಿಮಗೆ ತಾತ. ನಿಮ್ಮಲ್ಲಿ ಚಿಕ್ಕವಳಿಗೆ ಕಡಲೆಕಾಯಿ ಆಗುವುದಿಲ್ಲ. ಅದು ಅವಳ ಟೀಚರಿಗೆ ಗೊತ್ತು, ಗೆಳತಿಯರಿಗೂ ಗೊತ್ತು. ಅವಳ ಬ್ಯಾಗಿನಲ್ಲಿ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಇದೆ. ಮೊನ್ನೆ ಮದುವೆಮನೆಯಲ್ಲಿ ಬಡಿಸುವವರನ್ನು ನಿಲ್ಲಿಸಿ, ಪಲ್ಯದಲ್ಲಿ ಕಡಲೆಕಾಯಿ ಹಾಕಿದ್ದೀರಾ ಎಂದು ಕೇಳಿದಳು. ಹಾಕಿದ್ದೇವೆ ಎಂದರು. ಅವಳು ತನಗೆ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಮುಂದಿನ ಎಲೆಗೆ ಬಡಿಸಿ ಎಂದು ತೋರಿಸಿದಳು. ನಮ್ಮ ಕಾಲದಲ್ಲಿ ಇಡೀ ಊರು ಸೇರಿದರೂ ಗೊತ್ತಾಗದ್ದು ಆ ಮಗುವಿಗೆ ಗೊತ್ತಿತ್ತು.